ಹೂವೊಲ್ಲದವ್ವನ ಗುಡ್ಡ

ಕಲ್ಲಿನೊಳಗೆ ಕುಳಿತೂ ಕಲ್ಲಾಗದ ತಾಯಿಗೆ, ನಾವು ಬಾಯಿ ತೆರೆಯುವ ಮೊದಲೇ ನಮ್ಮ ಒಡಲ ಮಾತನ್ನು ಕೇಳಿಸಿಕೊಳ್ಳುವವಳಿಗೆ ಮೊದಲ ಶರಣು. ಅವ್ವಾ, ಇವತ್ತು ನಿನ್ನ ಹೆಸರಿನ ಕಾರಣ ಹೇಳಲು ಕುಳಿತಿದ್ದೇನೆ. ಆ ಕಾರಣದಲ್ಲಿ ಒಂದು ಹೇಸಿಗೆ ಇದೆ. ಅದನ್ನು ಬಿಟ್ಟು ಹೇಳಿದರೆ ಸುಳ್ಳಾಗುತ್ತದೆ, ಹಿಡಿದು ಹೇಳಿದರೆ ನಾಲಗೆ ಹಿಂಜರಿಯುತ್ತದೆ. ನಿನ್ನ ಮುಂದೆ ಸುಳ್ಳು ನಿಲ್ಲದಾದ್ದರಿಂದ ಇದ್ದದ್ದನ್ನು ಇದ್ದಂತೆಯೇ ಹೇಳುತ್ತೇನೆ. ತಪ್ಪಿದರೆ ತಿದ್ದು.

ನಮ್ಮ ಬಿಳಿಗಲ್ಲಹಾಳದಿಂದ ತುಂಗಭದ್ರೆಯ ಕಡೆಗೆ ಹೊರಟರೆ, ಗದ್ದೆಗಳು ಮುಗಿಯುವಲ್ಲಿ ಬಂಡೆಗಳ ಗುಡ್ಡವೊಂದು ಎದುರಾಗುತ್ತದೆ. ಯಾರೋ ಒಂದರ ಮೇಲೊಂದು ಪೇರಿಸಿಟ್ಟು ಮರೆತು ಹೋದಂತಿರುವ ಆ ಗುಂಡುಗಳ ನಡುವೆ, ಎರಡು ಬಂಡೆಗಳು ತಲೆ ಕೂಡಿಸಿದ ಕಡೆ ಒಂದು ಗವಿ. ಗವಿಯೊಳಗೆ ತಾಯಿ. ಗುಡಿಯೆಂದರೆ ಇಷ್ಟೇ. ಬಾಗಿಲಿಗೆ ಕಲ್ಲಿನ ಚೌಕಟ್ಟು, ಮುಂದೆ ಈಚೆಗೆ ಹಾಕಿಸಿದ ತಗಡಿನ ಚಪ್ಪರ, ಕೆಳಗೆ ಹುಣಸೆಮರದಡಿ ಮೋಟಾರು ಸೈಕಲ್ಲು, ಟ್ರ್ಯಾಕ್ಟರು ನಿಲ್ಲಿಸುವ ಜಾಗ. ಕಾಯಿ ಕರ್ಪೂರ ಮಾರುವ ಅಂಗಡಿಗಳಿವೆ, ಹೂವಿನ ಅಂಗಡಿ ಒಂದೂ ಇಲ್ಲ. ದೂರದಿಂದ ಬಂದವರು ಮೊಳಗಟ್ಟಲೆ ಮಲ್ಲಿಗೆ ತಂದು ಬುಟ್ಟಿ ಚಾಚಿದರೆ, ಪೂಜೆ ಮಾಡುವಾಕೆ ನಕ್ಕು, "ಚಲೋ ಅದಾವ ಹೂವು. ನೀವೇ ಮುಡಕೊಳ್ರಿ ಅಕ್ಕಾರ, ನಮ್ಮವ್ವ ಒಲ್ಲಳು," ಎಂದು ಹಿಂದಕ್ಕೆ ಕೊಡುತ್ತಾಳೆ. ತಾಯಿಗೆ ಏರುವುದು ಬೇವಿನ ಸೊಪ್ಪು, ಒಂದು ಬಿಂದಿಗೆ ಹೊಳೆಯ ನೀರು, ಹಣೆಗೆ ಅರಿಸಿನ ಕುಂಕುಮ. ಈಕೆಯನ್ನು ಹೂವೊಲ್ಲದವ್ವ ಎನ್ನುತ್ತಾರೆ, ಗುಡ್ಡವನ್ನು ಹೂವೊಲ್ಲದವ್ವನ ಗುಡ್ಡ ಎನ್ನುತ್ತಾರೆ. ಹೂವನ್ನು ಬೇಡವೆನ್ನುವ ಹೆಣ್ಣುದೇವರು ಲೋಕದಲ್ಲಿ ಉಂಟೇ ಎಂದು ಬಂದವರು ಕೇಳುತ್ತಾರೆ. ಉಂಟು. ಆದರೆ ಮೊದಲಿನಿಂದ ಹೀಗಿರಲಿಲ್ಲ.

ಹಿಂದೆ ಒಮ್ಮೆ, ಹೊಳೆಯ ಕಾಲುವೆಯ ನೀರಿಗೆ ಈ ಸೀಮೆಯೆಲ್ಲ ಕಬ್ಬು ಬೆಳೆಯುತ್ತಿದ್ದ ಕಾಲದಲ್ಲಿ, ತಾಯಿಗೆ ನುಡಿಯವ್ವ ಎಂಬ ಹೆಸರಿತ್ತು. ಆಕೆ ಹೂವಿನಿಂದ ನುಡಿಯುತ್ತಿದ್ದಳು. ಮನೆಯಲ್ಲಿ ಮದುವೆ ಗೊತ್ತುಮಾಡುವುದಿರಲಿ, ಎತ್ತು ಕೊಳ್ಳುವುದಿರಲಿ, ಪಾಲಾಗುವುದಿರಲಿ, ಜನ ಗುಡ್ಡ ಹತ್ತಿ ಬಂದು ತಮ್ಮ ಪ್ರಶ್ನೆಯನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಪೂಜಾರಿ ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ತಾಯಿಯ ಎರಡೂ ಭುಜಗಳ ಮೇಲೆ ಹಚ್ಚಿಡುತ್ತಿದ್ದ. ಗಂಟೆ ಬಾರಿಸಿ ಎಲ್ಲರೂ ಕೈಮುಗಿದು ಕಾಯುತ್ತಿದ್ದರು. ಬಲಗಡೆಯ ಹೂವು ಮೊದಲು ಬಿದ್ದರೆ ತಾಯಿ ಹೂಂ ಎಂದಳು, ಎಡಗಡೆಯದು ಬಿದ್ದರೆ ಬೇಡ ಎಂದಳು. ಬಿದ್ದ ಹೂವನ್ನೂ ಉಳಿದ ಹೂವನ್ನೂ ಪೂಜಾರಿ ಪ್ರಸಾದವೆಂದು ಕೊಟ್ಟರೆ ಗಂಡಸರು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು, ಹೆಂಗಸರು ಕಣ್ಣಿಗೊತ್ತಿಕೊಂಡು ಮುಡಿಯುತ್ತಿದ್ದರು. ಆ ಮೇಲೆ ಮಾತಿಲ್ಲ. ಹೂವು ಹೇಳಿದ ಮನೆಗೆ ಹೆಣ್ಣು ಹೋಗಬೇಕು. ಊರಿನವರು ಇಷ್ಟು ಭಕ್ತಿಯಿಂದ ಹೂವನ್ನು ಕೇಳುತ್ತಿದ್ದರೇ ಹೊರತು, ಹುಡುಗಿಯನ್ನು ಒಂದು ಮಾತು ಕೇಳಿದ್ದರೆಂದು ಯಾವ ಹಿರಿಯರ ಬಾಯಿಂದಲೂ ನಾನು ಕೇಳಿಲ್ಲ.

ಊರಿನಲ್ಲಿ ಭರಮಪ್ಪ ಎಂಬ ಕಬ್ಬಿನ ಬೆಳೆಗಾರನಿದ್ದ, ಅವನದೇ ಆಲೆಮನೆಯಿತ್ತು. ಹೆಂಡತಿ ಇಲ್ಲ, ಮುದಿ ತಾಯಿ ಕೆಂಚಮ್ಮ ಇದ್ದಳು, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ರುದ್ರವ್ವ. ಅವಳನ್ನು ಕೊಡದಾಳ ಎಂಬ ಊರಿನ ಮನೆಯೊಂದಕ್ಕೆ ಕೊಡುವುದೋ ಬೇಡವೋ ಎಂದು ನುಡಿಯವ್ವನನ್ನು ಕೇಳಿದಾಗ ಬಲಗಡೆಯ ಹೂವು ಬಿತ್ತು. ಕೊಟ್ಟರು. ಆ ಮನೆಯಲ್ಲಿ ರುದ್ರವ್ವ ಪಟ್ಟ ಪಾಡನ್ನು ನಾನು ಬಿಡಿಸಿ ಬರೆಯಲಾರೆ. ಒಂದು ಹೆಣ್ಣು ಕೂಸನ್ನು ಹೆತ್ತು, ಆ ಕೂಸಿಗೆ ಹಲ್ಲು ಮೂಡುವ ಮೊದಲೇ, ಅವಳು ಬಾವಿಯಲ್ಲಿ ಸಿಕ್ಕಳು. ಕಾಲು ಜಾರಿತು ಎಂದರು. ನುಡಿಯವ್ವನೇ ಕೊಟ್ಟ ಮನೆಯಲ್ಲವೇ, ಆಡುವುದೇನು ಎಂದು ಭರಮಪ್ಪ ಬಾಯಿ ಮುಚ್ಚಿಕೊಂಡ. ವರುಷ ತಿರುಗುವಷ್ಟರಲ್ಲಿ ಕೊಡದಾಳದವರು ಮತ್ತೆ ಬಂದರು. ಕೂಸು ನೋಡಿಕೊಳ್ಳಲು ಚಿಕ್ಕಮ್ಮನಿಗಿಂತ ಬೇರೆ ಯಾರು ಬೇಕು, ಚಿಕ್ಕವಳಾದ ಹಂಪವ್ವನನ್ನು ಅದೇ ಅಳಿಯನಿಗೆ ಕೊಡಿ ಎಂದರು. ಬರುವಾಗ ಒಂದು ಸೀರೆಯ ಗಂಟು ತಂದಿದ್ದರು. ಬಿಚ್ಚಿದರೆ ಸತ್ತ ರುದ್ರವ್ವನ ಸೀರೆಗಳು. ಒಂದರ ಸೆರಗಿನಲ್ಲಿ ಬಾವಿಯ ಪಾಚಿಯ ಕಲೆ ಹಾಗೆಯೇ ಇತ್ತಂತೆ. "ಹೊಸಾವು ಯಾಕ ದಂಡ ಮಾಡೂದು, ಇವೇ ಆಕಿಗೆ ಸಾಕು," ಎಂದು ಹೇಳಿ, ಭರಮಪ್ಪನ ಆಲೆಮನೆಯ ಬಿಸಿ ಬೆಲ್ಲವನ್ನು ಬೆರಳು ನೆಕ್ಕಿ ನೆಕ್ಕಿ ತಿಂದು ಹೋದರಂತೆ. ಆ ಗಂಟನ್ನು ಹಂಪವ್ವ ಕೈಯಿಂದ ಮುಟ್ಟಲಿಲ್ಲ. ಕೋಲಿನಿಂದ ಮೂಲೆಗೆ ನೂಕಿ, ಕೋಲನ್ನೂ ಅಲ್ಲೇ ಬಿಸುಟು, ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಈ ಹಂಪವ್ವನಿಗೂ ಗುಡಿಯ ಎಳೆಯ ಪೂಜಾರಿ ಜಡೆಪ್ಪನಿಗೂ ಮನಸ್ಸು ಕೂಡಿತ್ತು. ಜಡೆಪ್ಪನ ಅಪ್ಪ ತೀರಿಕೊಂಡು ಪೂಜೆ ಅವನ ಪಾಲಿಗೆ ಬಂದು ಸ್ವಲ್ಪ ಕಾಲವಾಗಿತ್ತು. ನೋಡಲು ಲಕ್ಷಣವಂತ, ಮಾತು ಸವಿ. ಇಬ್ಬರದೂ ಬೇರೆ ಬೇರೆ ಕುಲ, ಕೇಳಿದರೆ ಕೊಡುವವರಿಲ್ಲ. ಹಂಪವ್ವ ನೈವೇದ್ಯಕ್ಕೆ ಬೆಲ್ಲ ತರುವ ನೆಪದಲ್ಲಿ ಗುಡ್ಡಕ್ಕೆ ಬರುವಳು. ಗುಡಿಯ ಹಿಂದೆ ಬಾಡಿದ ಹೂವು ಸುರಿಯುವ ಒಂದು ತಗ್ಗಿತ್ತು, ಎಷ್ಟೋ ತಲೆಮಾರಿನ ಪ್ರಸಾದದ ಹೂವು ಕೊಳೆತು, ಕಪ್ಪಾಗಿ, ನೊಣ ಮುಸುರಿದ ತಗ್ಗು. ಆ ನಾತಕ್ಕೆ ಅತ್ತ ಯಾರೂ ಸುಳಿಯುತ್ತಿರಲಿಲ್ಲವಾದ್ದರಿಂದ, ಇಬ್ಬರೂ ಮೂಗಿಗೆ ಬಟ್ಟೆ ಹಿಡಿದು ಅಲ್ಲೇ ಕುಳಿತು ಓಡಿಹೋಗುವ ಯೋಚನೆ ಮಾಡುತ್ತಿದ್ದರು ಎನ್ನುತ್ತಾರೆ. ಪ್ರೀತಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಲ್ಲವೇ ಎಂದು ನನಗೆ ಮರುಕವಾಗುತ್ತದೆ.

"ಆಲೆಮನಿ ಕೊಪ್ಪರಿಗಿ ಏರಿಸೂ ದಿವಸ ಮಧ್ಯಾಹ್ನ ಚಲೋ," ಎಂದ ಜಡೆಪ್ಪ. "ಗಂಡಸ್ರು ಗಾಣದ ಹತ್ರ, ಹೆಂಗಸ್ರು ಕಬ್ಬಿನ ಹೊಲದಾಗ. ಊರಾಗ ನಾಯಿ ಸೈತ ಇರಂಗಿಲ್ಲ. ಗುಡ್ಡದ ಹಿಂದ ಇಳದ್ರ ಹೊಳಿ. ಹರಿಗೋಲಿನವಗ ಹೇಳಿಟ್ಟೀನಿ. ಆಚಿ ದಂಡ್ಯಾಗ ನಮ್ಮ ಸೋದರಮಾವನ ಊರು."

"ನಾ ಏನೇನು ತರಲಿ?"

"ಉಟ್ಟ ಸೀರಿ, ಮ್ಯಾಲೊಂದು ಸೀರಿ. ಮತ್ತ ರೊಟ್ಟಿ, ಶೇಂಗಾ ಚಟ್ನಿ. ಒಂದಿಷ್ಟು ಬೆಲ್ಲ."

"ಓಡಿಹೋಗೂದು ಬಿಟ್ಟು ಉಣ್ಣೂದೇ ಚಿಂತಿ ಆಗೇತಲ್ಲ ನಿನಗ! ಒಳಕಲ್ಲು ಹೊತಗೊಂಡು ಬರ್ಲೇನು ಹಂಗಾದ್ರ?"

"ಹೊಳಿ ದಾಟಿದ ಮ್ಯಾಲೆ ಹಸಿವು ಆಗಂಗಿಲ್ಲಂತ ಯಾರ ಹೇಳ್ಯಾರ ನಿನಗ?"

ಹಂಪವ್ವ ನಕ್ಕಳು. ಆದರೆ ಆಕೆ ಒಂದು ಮಾತಿನಲ್ಲಿ ಜಗ್ಗಲಿಲ್ಲ. ತಾಯಿಯನ್ನು ಕೇಳದೆ ಹೊಸ್ತಿಲು ದಾಟಲಾರೆ ಎಂದಳು. ಮನೆಯವರನ್ನು ಬಿಡಬಹುದು, ಕುಲವನ್ನು ಬಿಡಬಹುದು, ನುಡಿಯವ್ವನನ್ನು ಬಿಟ್ಟು ಹೋದರೆ ಎಲ್ಲಿ ಹೋಗಿ ಬದುಕುವುದು? "ಬಲಕ್ಕ ಬಿದ್ರ ನಿನ್ನ ಹಿಂದ ನೀರಿಗಿ ಬೇಕಾದ್ರೂ ಇಳಿತೀನಿ. ಎಡಕ್ಕ ಬಿದ್ರ ಇಲ್ಲೇ ಇದ್ದು ಏನಾರ ಆಗಲಿ ಅಂತೀನಿ. ಆಕಿ ಏನಂತಾಳೋ ಅದು." ಜಡೆಪ್ಪ ಬಹಳ ಹೇಳಿ ನೋಡಿದ. ದೇವರಿಗೆ ಇಂಥದ್ದನ್ನೆಲ್ಲ ಕೇಳುವುದು ಸರಿಯಲ್ಲ ಎಂದ, ಸಮಯವಿಲ್ಲ ಎಂದ. ಆಕೆ ಕೇಳಲಿಲ್ಲ. ಪ್ರಾಯದ ಹುಡುಗಿಯ ಈ ಹಠವನ್ನು ನಾನು ಕೈಮುಗಿದು ಮೆಚ್ಚುತ್ತೇನೆ. ಅವಳ ಬದುಕು ಉಳಿದದ್ದು ಅದರಿಂದ.

ಕೊಪ್ಪರಿಗೆ ಏರುವ ಹಿಂದಿನ ಸಂಜೆ ಹಂಪವ್ವ ಬೆಲ್ಲದ ಅಚ್ಚು ಹಿಡಿದು ಬಂದಳು. ಜಡೆಪ್ಪ ಒಳಗೆ ಹೋಗಿ ಹೂವು ಹಚ್ಚಿದ, ಗಂಟೆ ಬಾರಿಸಿದ. ಅವಳು ಹೊಸ್ತಿಲ ಹೊರಗೆ ಕಣ್ಣು ಮುಚ್ಚಿ, ತುಟಿಯಲ್ಲೇ ಪ್ರಶ್ನೆ ಹೇಳಿಕೊಂಡು ನಿಂತಳು. ಬಲಗಡೆಯ ಕಣಗಿಲೆ ಜಾರಿ ತಾಯಿಯ ಪಾದದ ಹತ್ತಿರ ಬಿತ್ತು. ಹಂಪವ್ವ ಅತ್ತಳು. ಅಕ್ಕನಿಗೆ ಕೊಡದ ಸುಖವನ್ನು ನನಗೆ ಕೊಡುತ್ತೀಯಾ ತಾಯಿ ಎಂದು ಹೊಸ್ತಿಲಿಗೆ ಹಣೆ ಹಚ್ಚಿದಳು. ಹೂವನ್ನು ಮುಡಿದುಕೊಂಡು ಮನೆಗೆ ಹೋದಳು. "ಏನಬೇ, ಮುಖ ಇಷ್ಟು ಹೊಳೀತೈತಿ, ಕೊಡದಾಳದ ಮದುಮಗಳು ಆದಿ ಅಂತ ಹಿಗ್ಗೇನು?" ಎಂದು ಅಜ್ಜಿ ಕೆಂಚಮ್ಮ ಕುಟುಕಿದಳು. ಹಂಪವ್ವ ಅಜ್ಜಿಯ ಕಾಲನ್ನು ಆ ದಿನ ಎಂದಿಗಿಂತ ಹೆಚ್ಚು ಹೊತ್ತು ಒತ್ತಿದಳು.

ಮರುದಿನ ಬಿಸಿಲು ನೆತ್ತಿಗೆ ಬಂದಾಗ ತನ್ನ ಸೀರೆ, ರೊಟ್ಟಿಯ ಗಂಟು ಕಂಕುಳಲ್ಲಿ ಹಿಡಿದು ಗುಡ್ಡ ಹತ್ತಿದಳು. ಜಡೆಪ್ಪ ಹರಿಗೋಲಿನವನನ್ನು ಕರೆಯಲು ಹೊಳೆಗೆ ಇಳಿದಿದ್ದ. ಗುಡಿ ತೆರೆದಿತ್ತು. ಹೋಗುವ ಮುಂಚೆ ತಾಯಿಗೆ ಇನ್ನೊಮ್ಮೆ ಶರಣು ಮಾಡೋಣ ಎಂದು ಹೊಸ್ತಿಲ ಹತ್ತಿರ ಬಾಗಿದಳು. ಬಾಗಿದವಳಿಗೆ ಹೊಸ್ತಿಲ ಮೇಲೆ ಹರಿಯುತ್ತಿದ್ದ ಕೆಂಪಿರುವೆಯ ಸಾಲು ಕಂಡಿತು. ಆ ಸಾಲು ಒಳಗೆ ಹೋಗಿ, ಪೀಠ ಹತ್ತಿ, ತಾಯಿಯ ಮೈಮೇಲೆ ಏರಿತ್ತು. ಮೊಣಕೈ, ಎದೆ, ಕೊರಳು, ಎಲ್ಲ ಕಡೆ ಹರಿದು ಎಡಭುಜದಲ್ಲಿ ಗುಂಪುಗೂಡಿ ಕುದಿಯುತ್ತಿತ್ತು. ಅಲ್ಲಿ ನಿನ್ನೆಯ ಎಡಗಡೆಯ ಹೂವು ಒಣಗಿ ಮುರುಟಿದ್ದರೂ ಬಿದ್ದಿರಲಿಲ್ಲ. ಹೆಂಗಸರು ಒಳಗೆ ಕಾಲಿಡಬಾರದೆಂಬ ಕಟ್ಟು ಆಗ ಇತ್ತು. ತಾಯಿಯ ಮೈಮೇಲೆ ಇರುವೆ ಹರಿಯುವಾಗ ಮಗಳಾದವಳು ಕಟ್ಟು ನೋಡುತ್ತಾಳೆಯೇ? ಹಂಪವ್ವ ಒಳಗೆ ಹೋಗಿ ಸೆರಗಿನಿಂದ ಇರುವೆ ಒರೆಸಿದಳು, ಹೂವನ್ನು ಹಿಡಿದು ಎಳೆದಳು. ಅದು ಬರಲಿಲ್ಲ. ಮತ್ತೆ ಎಳೆದಾಗ ಕಂದು ಬಣ್ಣದ ಅಂಟು ನೂಲಿನಂತೆ ಎಳೆಯಾಗಿ ಬಂತು. ಬೆರಳಿಗೆ ಹತ್ತಿತು. ಆ ಅಂಟಿನಲ್ಲಿ ಎಲೆಯಡಿಕೆಯ ಕೆಂಪು ಚೂರುಗಳಿದ್ದವು. ಮೂಗಿನ ಹತ್ತಿರ ಹಿಡಿದರೆ ಬೆಲ್ಲದ ವಾಸನೆ, ಅದರೊಳಗೆ ಒಂದು ಬಾಯಿಯ ವಾಸನೆ.

ಜಡೆಪ್ಪ ಏದುಸಿರು ಬಿಡುತ್ತ ಬಂದ. "ಹರಿಗೋಲು ಬಂತು, ನಡಿ ನಡಿ! ಅಯ್ಯ, ಒಳಗ ಯಾಕ ಹೋದಿ ನೀನು?"

"ಇದೇನು, ಜಡೆಪ್ಪಾ?"

"ಏನೈತಿ? ಬೆಲ್ಲ. ನೈವೇದ್ಯದ್ದು ಹತ್ತಿರಬೇಕು."

"ನೈವೇದ್ಯ ಹೂವಿನ ಹಿಂದ ಹೆಂಗ ಹೋತು?"

ಅವನು ನಕ್ಕನಂತೆ. ಮಕ್ಕಳು ಹುಣಸೆಕಾಯಿ ಕದ್ದು ಸಿಕ್ಕಿಬಿದ್ದಾಗ ನಗುವಂಥ ನಗು. ಅದನ್ನು ನೆನೆದರೆ ಹಿರಿಯರು ಇಂದಿಗೂ ಪಕ್ಕಕ್ಕೆ ಮುಖ ತಿರುಗಿಸುತ್ತಾರೆ. "ನೋಡು ಹಂಪಿ, ನಿನಗೂ ಬಲಕ್ಕ ಬೀಳೂದು ಬೇಕಿತ್ತು, ನನಗೂ ಬೇಕಿತ್ತು. ಎಡಕ್ಕಿಂದು ಒಂಚೂರು ಗಟ್ಟಿ ಮಾಡಿದೆ. ಅದರಾಗ ಏನಾತು?"

"ಇದರಾಗ ಎಲಿಯಡಿಕಿ ಐತಿ."

"ಜಗದು ಹಚ್ಚಿದ್ರ ಚಲೋ ಹತ್ತತೈತಿ. ಬರೇ ನೀರಾಗ ಕರಗಿಸಿದ್ರ ಜಾರತೈತಿ. ನಮ್ಮ ಮನ್ಯಾಗ ಮುತ್ಯಾನ ಕಾಲದಿಂದ ಹಿಂಗ."

ಇದನ್ನು ಬರೆಯುವಾಗ ನನ್ನ ಕೈ ನಿಂತಿತು, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದೆ. ಓದುವವರೂ ಹಾಗೆ ಮಾಡಬೇಕೆನಿಸಿದರೆ ಮಾಡಲಿ. ಎಂಜಲು ಮುಟ್ಟಿದ ಪಾತ್ರೆಯನ್ನು ನಾವು ಬೂದಿ ಹಾಕಿ ತಿಕ್ಕುತ್ತೇವೆ. ಉಂಡ ಎಲೆಯನ್ನು ಇನ್ನೊಬ್ಬರ ಮುಂದಿಡುವುದಿಲ್ಲ. ಆ ಮನೆತನದವರು ಬಾಯಲ್ಲಿ ಜಗಿದ ಎಂಜಲನ್ನು ಜಗದ ತಾಯಿಯ ಭುಜಕ್ಕೆ ಮೆತ್ತುತ್ತಿದ್ದರು. ಮೆತ್ತಿ, ಅದೇ ಕೈಯಿಂದ ಗಂಟೆ ಬಾರಿಸಿ, ತಾಯಿ ನುಡಿದಳು ಎನ್ನುತ್ತಿದ್ದರು. ಅದೇ ಹೂವನ್ನು ಬಾಣಂತಿಯರ, ಮುತ್ತೈದೆಯರ ಉಡಿಗೆ ಹಾಕುತ್ತಿದ್ದರು. ದೇವರನ್ನು ನಂಬದವನ ಬಗ್ಗೆ ನನಗೆ ಸಿಟ್ಟಿಲ್ಲ, ಅವನ ಪಾಡು ಅವನಿಗೆ. ದೇವರ ಬಾಯನ್ನು ತನ್ನ ಎಂಜಲಿನಿಂದ ಅಂಟಿಸಿ ತನ್ನ ಮಾತನ್ನು ಆಡಿಸುವವನ ಕೈಯಿಂದ ಮಾತ್ರ ನಾನು ತೀರ್ಥವನ್ನೂ ತೆಗೆದುಕೊಳ್ಳಲಾರೆ.

ಹಂಪವ್ವ ಆ ಬೆರಳನ್ನು ಮೈಯಿಂದ ದೂರ ಹಿಡಿದುಕೊಂಡೇ ನಿಂತಿದ್ದಳು. "ಅಂಟು ಹಚ್ಚೂಕಿಂತ ಮೊದಲ ಬರೇ ನೀರಿಗಿ ಇಟ್ಟು ನೋಡಿದ್ದೇನು?"

"ನೋಡಿದ್ದೆ. ನೀ ಬರೂಕಿಂತ ಮೊದಲ."

"ಎತ್ತಾಗ ಬಿತ್ತು?"

ಜಡೆಪ್ಪ ಹೊಳೆಯ ಕಡೆ ನೋಡಿದ. "ಎಡಕ್ಕ," ಎಂದ. "ಒಮ್ಮಿ ಬಿದ್ದದ್ದಕ್ಕ ಏನಂತ ನಂಬೂದು? ಹೊತ್ತಾಗ್ತೈತಿ, ನಡಿಯಲ್ಲ!"

"ನಮ್ಮಕ್ಕಂದು?"

ಅವನು ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

"ನಮ್ಮ ರುದ್ರಕ್ಕನ ಹೂವು ಯಾರು ಇಟ್ಟಿದ್ರು, ಜಡೆಪ್ಪಾ? ನಿಮ್ಮಪ್ಪನೋ, ನೀನೋ?"

"ಅಪ್ಪ ಬಾಗಲದಾಗ ನಿಂತಿದ್ದ. ಇಡು ಅಂದ, ಇಟ್ಟೆ. ಕೊಡದಾಳದವರು ಹಿಂಡೂ ಎಮ್ಮಿ ಕೊಟ್ಟಿದ್ರು. ನಾ ಸಣ್ಣಾಂವ, ನನಗೇನು ಗೊತ್ತು?" ಅವನ ದನಿ ಕುಗ್ಗಿತು. "ಆಕಿದೂ ಮೊದಲು ಎಡಕ್ಕ ಬಿದ್ದಿತ್ತು."

ನುಡಿಯವ್ವ ನುಡಿಯದೆ ಇರಲಿಲ್ಲ. ಇದನ್ನು ನೀವು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ಆ ಮನೆಗೆ ಬೇಡ, ನನ್ನ ಮಗಳನ್ನು ಅಲ್ಲಿಗೆ ಕಳಿಸಬೇಡಿ ಎಂದು ತಾಯಿ ಸ್ಪಷ್ಟವಾಗಿಯೇ ಹೇಳಿದ್ದಳು. ಒಂದು ಎಮ್ಮೆಯ ಹಾಲಿಗಾಗಿ ಅವಳ ಬಾಯಿ ಮುಚ್ಚಿದರು. ಆ ಹಾಲು ಕುಡಿದು ಬೆಳೆದ ಮೈ ಈಗ ಹಂಪವ್ವನ ಮುಂದೆ ನಿಂತು, ಕೈ ಚಾಚಿ, ಬಾ ಎನ್ನುತ್ತಿತ್ತು. ಆ ಕೈಯನ್ನು ಹಂಪವ್ವ ಎಷ್ಟೋ ಸಲ ಹಿಡಿದಿದ್ದಳು. ಈಗ ಅದರ ಬೆರಳ ಸಂದಿಯಲ್ಲಿ ಅಂಟಿದ್ದ ಬೆಲ್ಲವೇ ಅವಳಿಗೆ ಕಂಡಿತು. ತಲೆಯಲ್ಲಿದ್ದ ಹೂವನ್ನು ಕೂದಲು ಸಮೇತ ಕಿತ್ತು ನೆಲಕ್ಕೆ ಒಗೆದಳು.

"ಮುಟ್ಟಬ್ಯಾಡ," ಎಂದಳು. "ನೀ ಎಡಕ್ಕ ಬಿತ್ತು ಅಂತ ಹೇಳಿದ್ರೂ ಒಂದ ದಿನ ನಾನೇ ಗಟ್ಟಿ ಮನಸ್ಸು ಮಾಡಿ ಬರ್ತಿದ್ನೋ ಏನೋ."

ಜಡೆಪ್ಪ ಅತ್ತ, ಕೈಮುಗಿದ, ಕೊನೆಗೆ ಹೆದರಿಸಿದ. "ಊರಾಗ ಹೇಳ್ತೀಯೇನು? ಹೇಳು. ಗಂಟು ಕಟಗೊಂಡು ಗುಡ್ಡಕ್ಕ ಯಾಕ ಹೋಗಿದ್ದಿ ಅಂತ ಕೇಳ್ತಾರ. ನನ್ನ ಪೂಜಾರಿಕಿ ಹೋಗೂಕಿಂತ ಮೊದಲ ನಿನ್ನ ಮಾನ ಹೋಗ್ತೈತಿ." ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಸುಮ್ಮನೆ ಗಂಟು ಬಿಚ್ಚಿ ಮನೆಗೆ ಹೋದರೆ ಯಾರಿಗೂ ಏನೂ ತಿಳಿಯದು. ಆದರೆ ಇದೇ ಗುಡಿಯಲ್ಲಿ ಇದೇ ಎಂಜಲಿನಿಂದ ನಾಳೆ ಇನ್ನೊಬ್ಬಳ ಹೂವು ಬೀಳುತ್ತದೆ. ಬಾಯಿಬಿಟ್ಟರೆ ಓಡಿಹೋಗಲು ಹೊರಟಿದ್ದವಳು ಎಂಬ ಹೆಸರು ಸಾಯುವ ತನಕ. ಬೇರೆ ಕುಲದವನ ಜೊತೆ ಹೊರಟ ಮಗಳನ್ನು ಅಪ್ಪ ಉಳಿಸಿಯಾನೆಂಬ ಭರವಸೆಯೂ ಇಲ್ಲ. ಹಂಪವ್ವ ಗವಿಯೊಳಗಿನ ಬಿಂದಿಗೆ ಎತ್ತಿ ತಾಯಿಯನ್ನು ನೆತ್ತಿಯಿಂದ ಪಾದದವರೆಗೆ ತೊಳೆದಳು. ಉಗುರಿನಿಂದ ಅಂಟು ಕೆರೆದಳು. ಒಣಗಿದ ಹಳೆಯ ಅಂಟು ಪದರ ಪದರವಾಗಿ, ಬೆಳ್ಳುಳ್ಳಿ ಸಿಪ್ಪೆಯಂತೆ ಬಿಟ್ಟುಕೊಂಡಿತಂತೆ, ಅಷ್ಟು ವರುಷಗಳದು. ಆಮೇಲೆ ಗಂಟನ್ನು ಮುಚ್ಚಿಡದೆ, ಎದೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಿಡಿದು, ಗುಡ್ಡ ಇಳಿದು ನೇರವಾಗಿ ಆಲೆಮನೆಗೆ ನಡೆದಳು.

ಅಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು, ಊರೆಲ್ಲ ಸೇರಿತ್ತು. ಹಂಪವ್ವ ಗಂಟನ್ನು ಅಪ್ಪನ ಪಾದದ ಹತ್ತಿರ ಇಟ್ಟು, ನಿಂತೇ ಹೇಳಿದಳು. ಎಲ್ಲಿಗೆ ಹೊರಟಿದ್ದೆ, ಯಾರ ಜೊತೆ ಹೊರಟಿದ್ದೆ, ಏನು ಕಂಡೆ, ಒಂದನ್ನೂ ಬಿಡಲಿಲ್ಲ. ಮೊದಲರ್ಧ ಕೇಳುವಷ್ಟರಲ್ಲಿ ಭರಮಪ್ಪ ಕಬ್ಬಿನ ಗಳ ಎತ್ತಿದ್ದ. ಕೆಂಚಮ್ಮಜ್ಜಿ ನಡುವೆ ಬಂದು ಅವನ ರಟ್ಟೆ ಹಿಡಿದಳು.

"ಹೊಡಿಯಾಂವ ಆಮ್ಯಾಲೆ ಹೊಡಿ, ನನ್ನ ಮಗನ. ಪೂರಾ ಕೇಳು ಮೊದಲು. ಹಿರೀಕಿಂದು ಕೇಳಲಿಲ್ಲಲ್ಲ, ಕಿರೀಕಿಂದಾರ ಕೇಳು."

ಉಳಿದರ್ಧ ಕೇಳಿದ ಮೇಲೆ ಗಳ ತಾನಾಗಿ ಕೆಳಗೆ ಬಿತ್ತು. ಎಲ್ಲರೂ ಗುಡ್ಡ ಹತ್ತಿದರು. ಗುಡಿಯ ಅಂಗಳದಲ್ಲಿ ಜಡೆಪ್ಪ ಇನ್ನೂ ಕುಳಿತೇ ಇದ್ದ. ಹಂಪವ್ವ ಕೆರೆದು ಹಾಕಿದ ಅಂಟಿನ ಪದರಗಳು ಹೊಸ್ತಿಲ ಮುಂದೆ ಬಿದ್ದಿದ್ದವು, ಇರುವೆಗಳು ಅವನ್ನು ಹೊತ್ತು ಸಾಗಿಸುತ್ತಿದ್ದವು. ಅದನ್ನು ಕಂಡ ಹೆಂಗಸೊಬ್ಬಳು ಕೈಯನ್ನು ತಲೆಗೆ ಒಯ್ದು ಮುಡಿದಿದ್ದ ಹೂವನ್ನು ಹಾವು ಕಿತ್ತು ಬಿಸುಡುವಂತೆ ಬಿಸುಟಳು. ಇನ್ನೊಬ್ಬಳು ಬಿಸುಟಳು. ನಡುವಯಸ್ಸಿನವನೊಬ್ಬ ಬಂಡೆಗೆ ಹಣೆ ಚಚ್ಚಿಕೊಂಡು ತನ್ನ ತಂಗಿಯ ಹೆಸರು ಹಿಡಿದು ಕೂಗತೊಡಗಿದ. ಯಾರು ಯಾವ ಪ್ರಶ್ನೆ ಕೇಳಿದ್ದರು, ಯಾವ ಹೂವನ್ನು ಕಣ್ಣಿಗೊತ್ತಿಕೊಂಡಿದ್ದರು, ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ಕೆಲವರು ಅಲ್ಲೇ ಪೊದೆಯ ಮರೆಗೆ ಹೋಗಿ ಕಕ್ಕಿದರು.

ಊರ ಹಿರಿಯನೊಬ್ಬ ಹೊಸ ಕಣಗಿಲೆ ತಂದು, ಹೊಳೆಯ ನೀರಿನಲ್ಲಿ ಅದ್ದಿ, "ತಾಯೀ, ಮುನಿದಿಯಾ? ನಾನಾರ ಮಡಿಯಾಗಿ ಇಡ್ತೀನಿ," ಎಂದು ಭುಜಕ್ಕೆ ಹಚ್ಚಿದ. ಹೂವು ನಿಲ್ಲಲಿಲ್ಲ. ಬಲವೂ ಇಲ್ಲ, ಎಡವೂ ಇಲ್ಲ, ಎರಡೂ ಒಂದೇ ಕ್ಷಣದಲ್ಲಿ ಜಾರಿದವು. ಮುಡಿಗೆ ಇಟ್ಟರು, ಜಾರಿತು. ಕೊರಳಿಗೆ ದಂಡೆ ಹಾಕಿದರು, ದಾರ ಹರಿದು ಕೆಳಗೆ ಬಿತ್ತು. ಪಾದದ ಮೇಲೆ ಬರಿದೆ ಇರಿಸಿದ ಹೂವು ಕೂಡ ಅವರು ನೋಡುತ್ತಿದ್ದಂತೆ ಉರುಳಿ ಹೊಸ್ತಿಲ ಹೊರಗೆ ಬಂದು ನಿಂತಿತು ಎನ್ನುತ್ತಾರೆ. ಎಂಜಲಾದ ನುಡಿಯನ್ನು ಆಕೆ ಮತ್ತೆ ಬಾಯಿಗೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಆಕೆ ಹೂವೊಲ್ಲದವ್ವ.

ಜಡೆಪ್ಪನನ್ನು ಯಾರೂ ಹೊಡೆಯಲಿಲ್ಲ. ಹೊಡೆಯಬೇಕಾದರೆ ಮುಟ್ಟಬೇಕು, ಮುಟ್ಟಲು ಯಾರಿಗೂ ಮನಸ್ಸಾಗಲಿಲ್ಲ. ಅವನು ಎದ್ದಾಗ ಜನ ಬಟ್ಟೆ ಎತ್ತಿ ಹಿಡಿದು ದಾರಿ ಬಿಟ್ಟರು. ಇಬ್ಬರಿಗೆಂದು ಕಾಯುತ್ತಿದ್ದ ಹರಿಗೋಲಿನಲ್ಲಿ ಅವನೊಬ್ಬನೇ ಕುಳಿತು ಹೊಳೆ ದಾಟಿದ. ಆಮೇಲೆ ಅವನನ್ನು ಈ ದಂಡೆಯಲ್ಲಿ ಕಂಡವರಿಲ್ಲ. ತಾಯಿ ದಯಾಮಯಿ. ಅವನಿಗೂ ಎಲ್ಲಿಯಾದರೂ ಒಂದು ಕಡೆ ಪಶ್ಚಾತ್ತಾಪ ಕೊಟ್ಟಿರಬೇಕೆಂದು ನಾನು ನಂಬಿದ್ದೇನೆ. ಆದರೆ ಅವನಿಗಾಗಿ ಹರಕೆ ಹೊರು ಎಂದರೆ ನನ್ನ ಕೈ ಇನ್ನೂ ಏಳುವುದಿಲ್ಲ, ತಾಯಿ ಮನ್ನಿಸಲಿ.

ಹೊತ್ತು ಇಳಿದ ಮೇಲೂ ಜನ ಅಂಗಳದಲ್ಲೇ ನಿಂತಿದ್ದರು. ಹೂವಿಲ್ಲದೆ ಇನ್ನು ಯಾವುದನ್ನು ಹೇಗೆ ಗೊತ್ತುಮಾಡುವುದೆಂದು ಯಾರಿಗೂ ತೋಚಲಿಲ್ಲ. ಭರಮಪ್ಪ ಬಹಳ ಹೊತ್ತು ಗವಿಯೊಳಗಿನ ತಾಯಿಯ ಕಡೆ ನೋಡಿದ. ಆಮೇಲೆ ತಿರುಗಿ, ಮಗಳ ಮುಖ ನೋಡಲಾಗದೆ ಅವಳ ಪಾದ ನೋಡುತ್ತ ಕೇಳಿದ.

"ಕೊಡದಾಳದವರಿಗೆ ಏನು ಹೇಳಲಿ, ಯವ್ವಾ? ನೀನೇ ಹೇಳು."

"ಆ ಮನಿಗೆ ನಾ ಒಲ್ಲೆ," ಎಂದಳು ಹಂಪವ್ವ. "ಅಕ್ಕನ ಕೂಸನ್ನ ಕರಕೊಂಡು ಬಾ, ಅಪ್ಪಾ. ನಾ ಸಾಕ್ತೀನಿ."

ಭರಮಪ್ಪ ಮರುದಿನ ರುದ್ರವ್ವನ ಸೀರೆಯ ಗಂಟನ್ನು ಕೊಡದಾಳದ ಅಂಗಳದಲ್ಲಿ ಎಸೆದು ಕೂಸನ್ನು ಎತ್ತಿಕೊಂಡು ಬಂದ. ಹಂಪವ್ವನೇ ತಾಯಿಯ ಪೂಜೆಗೆ ನಿಂತಳು, ಅವಳ ನಂತರ ಅಕ್ಕನ ಮಗಳು ನಿಂತಳು. ಓಡಿಹೋಗಲು ಹೊರಟಿದ್ದವಳು ಎಂದು ಆಡಿಕೊಳ್ಳುವವರು ಆಡಿಕೊಂಡರು. ಅವಳ ಕೈಯ ಬೇವಿನ ಸೊಪ್ಪನ್ನು ಮಾತ್ರ ಯಾರೂ ಬೇಡ ಎನ್ನಲಿಲ್ಲ.

ಇವತ್ತು ಗುಡ್ಡಕ್ಕೆ ಹೋದವರಿಗೆ ಮದುವೆಯ ತಿಂಗಳುಗಳಲ್ಲಿ ಒಂದು ನೋಟ ಕಾಣುತ್ತದೆ. ಹುಡುಗಿಯ ಕಡೆಯವರು, ಹುಡುಗನ ಕಡೆಯವರು ಎಲ್ಲರೂ ಹತ್ತಿ ಬಂದು ಚಪ್ಪರದ ಕೆಳಗೆ ಗುಡಿಗೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಾರೆ. ಹುಡುಗಿ ಒಬ್ಬಳೇ ಒಳಗೆ ಹೋಗುತ್ತಾಳೆ. ತಾಯಿಯ ಎದುರು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಲ್ಲುತ್ತಾಳೆ, ಯಾರೂ ಕೂಗಿ ಕರೆಯುವಂತಿಲ್ಲ. ಹೊರಗೆ ಬಂದು ಹೊಸ್ತಿಲ ಮೇಲೆ ನಿಂತು ಹೂಂ ಎಂದರೆ ಹೂಂ, ಒಲ್ಲೆ ಎಂದರೆ ಒಲ್ಲೆ. ಕಾರಣ ಕೇಳುವ ಪದ್ಧತಿಯಿಲ್ಲ. ಮೊನ್ನೆ ನಾನೇ ಇದ್ದಾಗ, ಕಾರು ಮಾಡಿಕೊಂಡು ಬಂದಿದ್ದ ದೊಡ್ಡ ಬೀಗರ ಮುಂದೆ ಎಳೆಯ ಹುಡುಗಿಯೊಬ್ಬಳು "ಒಲ್ಲೆ" ಎಂದಳು. ಹುಡುಗನ ತಾಯಿ ಎದ್ದು ಅವಳ ಹಣೆಗೆ ಕುಂಕುಮ ಹಚ್ಚಿ, "ಆತು ಬೇ, ನಿನ್ನ ದಾರಿ ನಿನಗ ಚಲೋ ಆಗ್ಲಿ," ಎಂದು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದಳು. ಹುಡುಗಿಯ ಅಪ್ಪ ಅವರಿಗೆ ಕುಡಿಯಲು ನೀರು ಹಿಡಿದುಕೊಂಡು ಹಿಂದೆ ಓಡಿದ.

ಇಷ್ಟು ಹೊತ್ತು ಹೇಸಿಗೆಯನ್ನೂ ಸಹಿಸಿ ಕುಳಿತು ಓದಿದ, ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ತಾಯಿ ನಿಮ್ಮ ಮನೆ ಕಾಯಲಿ. ನಿಮ್ಮ ಮಕ್ಕಳ ಬಾಯಿಗೆ ನಿಜ ಹೇಳುವ ಧೈರ್ಯ ಕೊಡಲಿ, ಅದನ್ನು ಕೇಳುವ ಕಿವಿಯನ್ನು ನಿಮಗೆ ಕೊಡಲಿ. ನಿಮ್ಮ ಕೈ ಶುಚಿಯಾಗಿರಲಿ, ನಿಮ್ಮ ಹೊಸ್ತಿಲು ತಂಪಾಗಿರಲಿ. ಹೂವೊಲ್ಲದವ್ವ ನಿಮ್ಮೆಲ್ಲರನ್ನೂ ಒಲ್ಲೆ ಎನ್ನದೆ ಮಡಿಲಿಗೆ ತೆಗೆದುಕೊಳ್ಳಲಿ.